ಹುಣಸೆ ಮರದ ಮೆಣಸಿನ ಗಿರಣಿ

ನೀವು ಮೆಣಸನ್ನು ಹೇಗೆ ಪುಡಿ ಮಾಡುತ್ತೀರೋ ನನಗೆ ಗೊತ್ತಿಲ್ಲ. ಒರಳಿಗೆ ಹಾಕಿ ನಾಲ್ಕು ಪೆಟ್ಟು ಕೊಡುವವರಿದ್ದಾರೆ, ಲಟ್ಟಣಿಗೆ ಉರುಳಿಸಿ ಅರೆಬರೆ ಮಾಡಿಕೊಳ್ಳುವವರಿದ್ದಾರೆ, ಎಂದೋ ಯಾರೋ ಪುಡಿ ಮಾಡಿಟ್ಟ ಪೊಟ್ಟಣವನ್ನು ಅಂಗಡಿಯಿಂದ ತಂದು, ಘಮವೆಲ್ಲ ಹಾರಿಹೋದ ಆ ಬೂದಿಗೂ ಮೆಣಸು ಎಂಬ ಗೌರವ ಕೊಡುವ ಉದಾರಿಗಳೂ ಇದ್ದಾರೆ. ನಾನು ಮಾತ್ರ ಊಟಕ್ಕೆ ಕುಳಿತ ಮೇಲೆ, ಬಿಸಿ ಅನ್ನದಲ್ಲಿ ತುಪ್ಪ ಕರಗುತ್ತಿರುವಾಗ, ಗೇಣುದ್ದದ ಒಂದು ಮರದ ಸಾಧನವನ್ನು ತಟ್ಟೆಯ ಮೇಲೆ ಹಿಡಿದು ಅದರ ತಲೆಯನ್ನು ತಿರುವುತ್ತೇನೆ. ಅದು ಕರ್ ಕರ್ ಎಂದು ಗೊಣಗುತ್ತ ಕರಿಯ ನುಚ್ಚನ್ನು ಉದುರಿಸುತ್ತದೆ. ಪಂಕ್ತಿಯಲ್ಲಿ ಕುಳಿತವರೆಲ್ಲ ಸೀನುತ್ತಾರೆ, ನನಗೆ ಮಾತ್ರ ಸೀನು ಬರುವುದಿಲ್ಲ.

ಇದರಲ್ಲೊಂದು ತಮಾಷೆಯಿದೆ, ಗೆಳೆಯರೆ. ನಮ್ಮ ಸುರಪುರ-ಶಹಾಪುರದ ಸೀಮೆಯಲ್ಲಿ ಖಾರವೆಂದರೆ ಕೆಂಪು ಮೆಣಸಿನಕಾಯಿ. ಜೋಳದ ರೊಟ್ಟಿಯ ಮೇಲೆ ಹಿಂಡಿ ಎಂಬ ಚಟ್ನಿಯಾಗಿ, ಪಲ್ಯದಲ್ಲಿ ಪುಡಿಯಾಗಿ, ಅದೇ ನಮ್ಮ ಬಾಯಿಯನ್ನೂ ಕಣ್ಣನ್ನೂ ಆಳುವ ದೊರೆ. ಕರಿ ಮೆಣಸಿಗೆ ಇಲ್ಲಿ ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ಅದು ಹಿಪ್ಪಲಿ, ಶುಂಠಿಗಳ ಜೊತೆ ಔಷಧಿಯ ಡಬ್ಬಿಯಲ್ಲಿ ಕುಳಿತು, ಯಾರಿಗಾದರೂ ಕೆಮ್ಮು ಬರಲಿ ಎಂದು ಕಾಯುತ್ತಿತ್ತು. ಇಂಥ ಸೀಮೆಯ ಒಬ್ಬ ಮರಗೆಲಸದವನು ಮೆಣಸು ಬೀಸುವ ಈ ಯಂತ್ರವನ್ನು ಮಾಡಿದ್ದು ಹೇಗೆ ಎಂದು ಕೇಳಿದರೆ, ನಾನು ನಿಮ್ಮನ್ನು ನಾಡು ಒಂದಾದ ಆ ವರ್ಷಗಳಿಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಆಗ ನಾನು ಇಪ್ಪತ್ತೊಂದು ವರ್ಷದ ಸೊಸೆ, ಮದುವೆಯಾಗಿ ಎರಡು ವರ್ಷವಾಗಿತ್ತು.

ಸುರಪುರದ ನಮ್ಮ ಮನೆಗೆ ಖರಾದಿಯವರ ಮನೆ ಎಂದು ಹೆಸರು. ಮರವನ್ನು ತಿರುಗಿಸಿ ತಿರುಗಿಸಿ ಕಡೆಯುವ ಯಂತ್ರವೇ ಖರಾದು, ಕಡೆಯುವವನು ಖರಾದಿ. ಮಾವನವರ ಹೆಸರು ಮಾನಪ್ಪ, ಅತ್ತೆಯವರದು ಕಾಳವ್ವ. ಈಗಿನವರಿಗೆ ಯಂತ್ರವೆಂದರೆ ಕರೆಂಟು, ಗುಂಡಿ, ಸದ್ದು. ನಮ್ಮ ಖರಾದಿಗೆ ಇದ್ದದ್ದು ಎರಡು ಗಿಡ್ಡ ಕಂಬ, ಎರಡು ಮೊಳೆ, ಒಂದು ಹಗ್ಗ, ಮತ್ತು ಅತ್ತೆ. ಎರಡು ಮೊಳೆಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ, ಅದಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿ, ಅದರ ಒಂದೊಂದು ತುದಿಯನ್ನು ಒಂದೊಂದು ಕೈಯಲ್ಲಿ ಹಿಡಿದು ಮೊಸರು ಕಡೆದಂತೆ ಎಳೆಯಬೇಕು. ಮರ ಒಮ್ಮೆ ಇತ್ತ ತಿರುಗುತ್ತದೆ, ಒಮ್ಮೆ ಅತ್ತ. ಇತ್ತ ತಿರುಗುವಾಗ ಮಾತ್ರ ಉಳಿ ಕೊರೆಯುತ್ತದೆ, ಅತ್ತ ತಿರುಗುವಾಗ ಉಳಿಯನ್ನು ಕೂದಲೆಳೆಯಷ್ಟು ಹಿಂದೆ ಸರಿಸಬೇಕು. ಹಾಗಾಗಿ ಎಳೆಯುವವಳ ಎರಡು ಕೈಗಳಲ್ಲಿ ಒಂದಕ್ಕೆ ಸದಾ ಹೆಚ್ಚು ಭಾರ. ಅದು ಎಲ್ಲ ಮನೆಗಳಲ್ಲೂ ಬಲಗೈ.

ಮೂವತ್ತು ವರ್ಷ ಆ ಹಗ್ಗವನ್ನು ಎಳೆದವರು ಅತ್ತೆ. ಮಾವ ಇತ್ತ, ಅತ್ತೆ ಅತ್ತ, ನಡುವೆ ತಿರುಗುವ ಮರ. ಅವರಿಬ್ಬರೂ ಕೆಲಸಕ್ಕೆ ಕುಳಿತರೆ ಮಾತೇ ಇರುತ್ತಿರಲಿಲ್ಲ. ಮರದಲ್ಲಿ ಗಂಟು ಬಂದೊಡನೆ ಅತ್ತೆಯ ಎಳೆತ ತಾನಾಗಿ ಸಣ್ಣದಾಗುತ್ತಿತ್ತು, ನುಣುಪು ಮಾಡುವ ಹೊತ್ತಿಗೆ ತಾನಾಗಿ ಉದ್ದವಾಗುತ್ತಿತ್ತು. ಹಬ್ಬ-ಬಾಣಂತನದ ದಿನಗಳಲ್ಲಿ ಬೇರೆಯವರನ್ನು ಕೂರಿಸಿದರೆ ಮಾವನಿಗೆ ಕೈಯೇ ಕೂಡಿ ಬರುತ್ತಿರಲಿಲ್ಲವಂತೆ. ನಾನು ಒಂದೆರಡು ಸಲ ಹಗ್ಗ ಕೇಳಿದ್ದೆ. "ನಿನ್ನ ಕೈ ಬರಿಯೋ ಕೈ. ಹೋಗು, ಪ್ಯಾಪರ ಓದು," ಎಂದು ಅತ್ತೆ ನನ್ನನ್ನು ಓಡಿಸಿದ್ದರು. ನಾನು ಯಾದಗಿರಿಯ ಮಾಸ್ತರರ ಮಗಳು, ಕನ್ನಡ ಓದಲು ಬರೆಯಲು ಬಲ್ಲವಳು ಎಂಬುದು ಆ ಮನೆಯಲ್ಲಿ ಹೆಮ್ಮೆಗೂ ಹಾಸ್ಯಕ್ಕೂ ಸಮವಾಗಿ ಬಳಕೆಯಾಗುತ್ತಿತ್ತು.

ಆದರೆ ಕಾಲ ತಿರುಗಿತ್ತು. ನಿಜಾಮರ ಆಳ್ವಿಕೆಯಲ್ಲಿ ನಮ್ಮ ಮನೆಗೆ ಹುಕ್ಕಾದ ನಳಿಗೆಗಳ ಕೆಲಸ ಬರುತ್ತಿತ್ತು, ವಾಡೆಗಳ ಪಲ್ಲಂಗಕ್ಕೆ ಕಾಲುಗಳು, ತೊಟ್ಟಿಲಿಗೆ ಬಣ್ಣದ ಗೊಂಬೆಕಂಬಗಳು. ದಿಲ್ಲಿ ಸರ್ಕಾರದ ಫೌಜು ಬಂದು ಆ ಆಳ್ವಿಕೆ ಮುಗಿದ ಮೇಲೆ ಹುಕ್ಕಾ ಸೇದುವ ಸಾಹೇಬರು ಹೊರಟುಹೋದರು, ವಾಡೆಗಳ ಬಾಗಿಲು ಅರ್ಧ ಮುಚ್ಚಿದವು. ಕಚೇರಿಯ ಕಾಗದಗಳು ಬಲದಿಂದ ಎಡಕ್ಕೆ ಓದುವುದನ್ನು ಬಿಟ್ಟು ಎಡದಿಂದ ಬಲಕ್ಕೆ ಓದತೊಡಗಿದವು. ಆಮೇಲೆ ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾದವು. ಅಂದು ನಾವೂ ಪೇಢೆ ತಿಂದೆವು, ನಾನಂತೂ ಸಂತೋಷದಿಂದ ಅತ್ತುಬಿಟ್ಟೆ. ಆದರೆ ಹೊಸ ಸರ್ಕಾರಕ್ಕೆ ಬೇಕಾದದ್ದು ಬೆಂಚು, ಮೇಜು, ಕಪಾಟು. ಎಲ್ಲವೂ ಚೌಕ, ದುಂಡಗಿನದು ಒಂದೂ ಇಲ್ಲ. ನನ್ನ ಮನೆಯವರು ಯಾದಗಿರಿಯಲ್ಲಿ ಹೊಸ ಶಾಲೆಗಳ ಬೆಂಚು ಮಾಡುವ ಕೆಲಸ ಹಿಡಿದು, ವಾರಕ್ಕೊಮ್ಮೆ ಬಂದಾಗಲೆಲ್ಲ ಖರಾದನ್ನು ಬಿಚ್ಚಿ ಅಟ್ಟಕ್ಕೆ ಹಾಕೋಣ, ನೀವೂ ಬೆಂಚಿನ ಕೆಲಸಕ್ಕೆ ಬನ್ನಿ ಎಂದು ತಂದೆಗೆ ಹೇಳುತ್ತಿದ್ದರು. ಮಾವ ಕೇಳಿಸಿಕೊಂಡು ಸುಮ್ಮನೆ ಉಳಿ ಮಸೆಯುತ್ತಿದ್ದರು.

ಈಗ ನಾನು ಒಂದು ಗುಟ್ಟು ಹೇಳಬೇಕು. ಅಮಾವಾಸ್ಯೆಯ ದಿನ ನಮ್ಮವರು ಉಳಿ, ಅರದಂಥ ಹತ್ಯಾರ ಮುಟ್ಟುವುದಿಲ್ಲ. ಎಲ್ಲವನ್ನೂ ತೊಳೆದು ಕುಂಕುಮ ಹಚ್ಚಿಟ್ಟು, ಮಾವ ಸಿಕ್ಕ ಬಂಡಿ ಹತ್ತಿ ತಿಂಥಣಿಯ ಮೋನಪ್ಪಯ್ಯನ ಗುಡಿಗೆ ಹೋಗುತ್ತಿದ್ದರು. ನಾನು ಮನೆಗೆ ಬಂದ ಹೊಸದರಲ್ಲಿ ಅಂಥದೊಂದು ಅಮಾವಾಸ್ಯೆಯ ಮಧ್ಯಾಹ್ನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಬೇವಿನೆಣ್ಣೆ ಬಿಸಿ ಮಾಡಿಸಿ, ಬೆನ್ನು ತಿರುಗಿಸಿ ಕುಳಿತರು. "ಬಲಗಡಿ ಹೆಗಲು ತಿಕ್ಕು. ಮೆಲ್ಲಕ," ಎಂದರು. ಮುಟ್ಟಿದರೆ ಆ ಹೆಗಲು ಒಣಗಿದ ಕೊರಡಾಗಿತ್ತು. ತೋಳು ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ನಾನು ಹೌಹಾರಿ ಮಾವನಿಗೆ ಹೇಳೋಣವೇ ಎಂದೆ. ಅವರು ತಟ್ಟನೆ ತಿರುಗಿ ನನ್ನ ಕೈ ಹಿಡಿದರು. "ತಿಂಥಣಿ ಮೋನಪ್ಪನ ಆಣಿ ಮಾಡು. ಬಾಯಿ ಬಿಡಬ್ಯಾಡ. ಗೊತ್ತಾದ್ರ ಆ ಮನಶ್ಯಾ ಖರಾದ ನಿಂದರಸ್ತಾನ. ಖರಾದ ನಿಂತಿತಂದ್ರ ಆತಗ ಏನ್ ಉಳೀತದ?" ಎಂದರು. ನಾನು ಆಣೆ ಮಾಡಿದೆ.

ಆಮೇಲೆ ಕಣ್ಣಿಟ್ಟು ನೋಡಿದಾಗ ಎಲ್ಲವೂ ಕಾಣತೊಡಗಿತು. ಬೆಳಿಗ್ಗೆ ಮಾವ ಬರುವ ಮುಂಚೆಯೇ ಅತ್ತೆ ಹಗ್ಗವನ್ನು ಉಲ್ಟಾ ಸುತ್ತಿಟ್ಟಿರುತ್ತಿದ್ದರು. ಹಾಗೆ ಸುತ್ತಿದರೆ ಕೊರೆಯುವ ಎಳೆತದ ಭಾರ ಎಡಗೈಗೆ ಬರುತ್ತದೆ. ಹಿಟ್ಟು ಬೀಸುವುದೂ ಎಡಗೈಯಲ್ಲೇ. ಊರಿನ ಎಲ್ಲರ ಮನೆಯ ಬೀಸುವ ಕಲ್ಲು ಒಂದು ದಿಕ್ಕಿಗೆ ತಿರುಗಿದರೆ ನಮ್ಮ ಮನೆಯದು ಅದರ ವಿರುದ್ಧ ತಿರುಗುತ್ತಿತ್ತು. ಕಲ್ಲಿಗೇನು, ಮೈತುಂಬ ಚುಕ್ಕಿ ಹೊಡೆದಿರುತ್ತಾರೆ, ಎತ್ತ ತಿರುಗಿದರೂ ಬೀಸುತ್ತದೆ. ಅವರೆದುರು ಬೀಸಲು ಕುಳಿತು ಕುಳಿತು ನನ್ನ ಕೈಗೂ ಆ ದಿಕ್ಕು ರೂಢಿಯಾಯಿತು. ಮಾವ ಮಾತ್ರ ಆಗಾಗ ಮರವನ್ನು ತಟ್ಟಿ ನೋಡುತ್ತ, "ಈ ವರ್ಷದ ಮರ ಯಾಕೋ ಬಿರುಸು ಬರಾಕತ್ತದ. ಉಳಿ ಕಚ್ಚವಲ್ದು," ಎನ್ನುತ್ತಿದ್ದರು. ಬಿರುಸಾದದ್ದು ಮರವಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಆಣೆ ಮಾಡಿದ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡೇ ಇದ್ದೆ.

ಹೀಗಿರುವಾಗ ಒಂದು ದಿನ ಸರೋಜಮ್ಮ ಬಂದರು. ಮೈಸೂರು ಕಡೆಯಿಂದ ಶಹಾಪುರಕ್ಕೆ ವರ್ಗವಾಗಿ ಬಂದಿದ್ದ ರಸ್ತೆ ಇಂಜಿನಿಯರರ ಹೆಂಡತಿ. ನಮ್ಮ ಊಟದ ಖಾರಕ್ಕೆ ಅವರ ಹೊಟ್ಟೆ ಸೋತು, ಮೆಣಸಿನ ಸಾರು, ಮೊಸರನ್ನಗಳಲ್ಲೇ ದಿನ ದೂಡುತ್ತಿದ್ದರು. ಅವರ ತಾಯಿ ಕೊಟ್ಟಿದ್ದ ಮೆಣಸು ಬೀಸುವ ಗಿರಣಿ ವರ್ಗದ ಗಡಿಬಿಡಿಯಲ್ಲಿ ಕಳೆದುಹೋಗಿತ್ತು. ಬಾಡಿಗೆಗೆ ಹಿಡಿದ ಮನೆಯಲ್ಲಿದ್ದ ಹಳೆಯ ಪಲ್ಲಂಗದ ಕಾಲುಗಳನ್ನು ನೋಡಿ, ಇದನ್ನು ಕಡೆದವರು ಯಾರೆಂದು ವಿಚಾರಿಸುತ್ತ ಬಸ್ಸು ಹತ್ತಿ ಸುರಪುರಕ್ಕೇ ಬಂದುಬಿಟ್ಟಿದ್ದರು. ನೆಲದ ಮರದ ಹೊಟ್ಟಿನ ಮೇಲೆ ಬೆರಳಿನಿಂದ ಚಿತ್ರ ಬಿಡಿಸಿ, "ಕೆಳಗೆ ಹೊಟ್ಟೆ, ಮೇಲೆ ತಲೆ. ತಲೆ ಸುತ್ತಿಸಿದರೆ ಒಳಗಡೆ ಕಬ್ಬಿಣದ ಹಲ್ಲು ಅರೆಯುತ್ತೆ ಕಣ್ರೀ. ನೀವು ಮಾಡಿಕೊಟ್ರೆ ನಮ್ಮ ಆಫೀಸಿನ ನಾಲ್ಕು ಮನೆಯವರೂ ತಗೋತಾರೆ," ಎಂದರು. ಆ ಭಾಷೆಯ ಮೆದುವಿಗೆ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು, ನಮ್ಮ ಭಾಷೆಯ ಬಿರುಸಿಗೆ ಸರೋಜಮ್ಮ ಎರಡು ಸಲ ಬೆಚ್ಚಿದರು.

ಅವರು ಹೋದ ಮೇಲೆ ಮಾವ ಬಹಳ ಹೊತ್ತು ಆ ಹೊಟ್ಟಿನ ಚಿತ್ರವನ್ನೇ ನೋಡುತ್ತ ಕುಳಿತಿದ್ದರು. ಆ ಶನಿವಾರ ಮಗ ಬಂದು ಮತ್ತೆ ಬೆಂಚಿನ ಮಾತು ತೆಗೆದಾಗ, "ಈ ಗಿರಣಿ ನಡೀತಂದ್ರ ಖರಾದ ಇರ್ತದ. ನಡೀಲಿಲ್ಲಂದ್ರ ಬರೋ ಅಮಾಸಿಗಿ ನಾನೇ ಬಿಚ್ಚತೀನಿ," ಎಂದುಬಿಟ್ಟರು. ಹಿಟ್ಟು ನಾದುತ್ತಿದ್ದ ಅತ್ತೆಯ ಎಡಗೈ ಒಂದು ಕ್ಷಣ ನಿಂತಿತು.

ಆ ಗಿರಣಿಯನ್ನು ಮಾಡಿದ ಹತ್ತು ದಿನಗಳ ಸಂಭ್ರಮವನ್ನು ಹೇಗೆ ಹೇಳಲಿ! ಮಾವ ಆರಿಸಿದ್ದು ಹುಣಸೆಯ ಚೇಗು, ಮರದ ನಡುವಿನ ಗಟ್ಟಿ ಭಾಗ. ಬೇವು ಕಹಿ ಬಿಡುತ್ತದೆ, ಜಾಲಿ ಸೀಳು ಬಿಡುತ್ತದೆ, ಹುಣಸೆ ಮಾತ್ರ ಎಣ್ಣೆ ಗಾಣದಲ್ಲಿ ಪಳಗಿದ ಜಾತಿ ಎಂಬುದು ಅವರ ವಾದ. ಖರಾದು ತಿರುಗಿದಂತೆ ಕಂದು-ಕೆನ್ನೇರಳೆ ಬಣ್ಣದ ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ತೊಡೆಯ ಮೇಲೆ ಬೀಳುತ್ತಿತ್ತು. ಹೊಟ್ಟೆ, ಕೊರಳು, ತಲೆ ಒಂದೊಂದೇ ಆ ಕೊರಡಿನಿಂದ ಹೊರಬಂದವು. ಉಳಿ ಹಿಡಿದಂದಿನಿಂದ ಅವರು ಕಡೆದ ಮಂಚದ ಕಾಲು, ತೊಟ್ಟಿಲ ಕಂಬಗಳೆಲ್ಲ ಖರಾದಿನಿಂದ ಇಳಿದ ಮೇಲೆ ತಿರುಗುವುದನ್ನು ಮರೆತು ನಿಂತುಬಿಡುವ ವಸ್ತುಗಳು. ಇಳಿದ ಮೇಲೂ ತಿರುಗುತ್ತಲೇ ಬಾಳಬೇಕಾದ ವಸ್ತುವನ್ನು ಅವರು ಮಾಡುತ್ತಿದ್ದುದು ಅದೇ ಮೊದಲು. ಅದನ್ನು ನೆನೆದಾಗ ನನಗೆ ಈಗಲೂ ಅನ್ನಿಸುತ್ತದೆ, ನಾವು ಎಷ್ಟೋ ವರ್ಷ ಜೊತೆಗಿದ್ದ ಮನುಷ್ಯರನ್ನೂ ಹೀಗೆ ನಿಂತುಬಿಟ್ಟ ಕಂಬಗಳೆಂದೇ ತಿಳಿದಿರುತ್ತೇವೆ, ಅವರೊಳಗೆ ಏನೋ ತಿರುಗುತ್ತಿದೆ, ಯಾವುದೋ ದಿಕ್ಕಿಗೆ ತಿರುಗುತ್ತಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಹಲ್ಲಿನ ಮಾತು ಬಂದಾಗ ಮಾವನಿಗೆ ಚಿಂತೆಯಾಯಿತು. ಕಂಬಾರರಿಂದ ಕಬ್ಬಿಣದ ತುಂಡುಗಳನ್ನು ಮಾಡಿಸಿ ತಂದಿದ್ದರು, ಹಲ್ಲನ್ನು ಅರದಿಂದ ತಾವೇ ಕೊರೆಯಬೇಕು. ಕಾಳು ಕೆಳಗಿಳಿಯಬೇಕಾದರೆ ಹಲ್ಲು ಓರೆಯಾಗಿರಬೇಕು, ಓರೆಯಾದರೆ ಅದು ಒಂದೇ ದಿಕ್ಕಿಗೆ ಅರೆಯುತ್ತದೆ. ಯಾವ ದಿಕ್ಕು? ಸರೋಜಮ್ಮ ಅದನ್ನು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. "ಬೀಸೂದಂದ್ರ ಬೀಸೂದು. ಕಲ್ಲು ಹ್ಯಾಂಗ ತಿರಗ್ತದೋ ಹಾಂಗ ಇದೂ ತಿರಗಲಿ," ಎಂದು ತೀರ್ಮಾನಿಸಿ, ಒಂದು ಬೆಳಿಗ್ಗೆ ಅತ್ತೆ ಜೋಳ ಬೀಸುತ್ತಿದ್ದಾಗ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು, ಕಲ್ಲು ಹೋಗುವ ದಿಕ್ಕನ್ನು ಇದ್ದಿಲಿನಿಂದ ನೆಲದ ಮೇಲೆ ಬರೆದುಕೊಂಡರು. ಕಲ್ಲನ್ನು ನೋಡಿದರು, ಹಿಟ್ಟನ್ನು ನೋಡಿದರು, ಗೂಟವನ್ನೂ ನೋಡಿದರು. ಗೂಟ ಹಿಡಿದ ಕೈ ಯಾವುದೆಂದು ನೋಡಲಿಲ್ಲ. ಪಕ್ಕದಲ್ಲೇ ಜೋಳ ಹಸನು ಮಾಡುತ್ತಿದ್ದ ನನಗೂ, ಸತ್ಯವಾಗಿ ಹೇಳುತ್ತೇನೆ, ಆಗ ಏನೂ ಹೊಳೆಯಲಿಲ್ಲ.

ಬೀಸುವುದು ಹೆಂಗಸರ ವಿದ್ಯೆ ಎಂದು ಮೊದಲ ಪರೀಕ್ಷೆಯನ್ನೂ ಅತ್ತೆಯಿಂದಲೇ ಮಾಡಿಸಿದರು. ಅವರು ತಲೆ ತಿರುವಿದರು, ಔಷಧಿ ಡಬ್ಬಿಯ ಮೆಣಸು ಕರಿ ನುಚ್ಚಾಗಿ ಉದುರಿತು, ಮಾವ ಚಿಕ್ಕವರಂತೆ ಚಪ್ಪಾಳೆ ತಟ್ಟಿದರು. ಸದ್ದು ಕೇಳಿ ಬಂದ ನೆರೆಮನೆಯ ಬೀಬಿಯವರು ಅದನ್ನು ತಿರುಗಾ ಮುರುಗಾ ನೋಡಿ, "ಇತ್ತಾ ಬಡಾ ಸುರ್ಮೇದಾನಿ ಕಿಸ್ಕು ಜೀ?" ಎಂದು ಕೇಳಿದರು. ಇಷ್ಟು ದೊಡ್ಡ ಕಾಡಿಗೆಯ ಡಬ್ಬಿ ಯಾವ ಭೂತದ ಕಣ್ಣಿಗೆ ಎಂಬುದು ಅವರ ಸಂದೇಹ. ಮರುದಿನದ ಬಸ್ಸಿನಲ್ಲಿ ಗಿರಣಿ ಶಹಾಪುರಕ್ಕೆ ಹೋಯಿತು.

ಎಂಟನೆಯ ದಿನ, ಅಮಾವಾಸ್ಯೆಗೆ ಇನ್ನು ಮೂರೇ ದಿನವಿರುವಾಗ, ಸರೋಜಮ್ಮ ಅದನ್ನು ಹಿಡಿದುಕೊಂಡು ಬಂದು ನಿಂತರು. ಅವರ ಮುಖದಲ್ಲಿ ಸಂಕೋಚ ತುಂಬಿತ್ತು. "ನೋಡೋಕೆ ನಮ್ಮಮ್ಮನದಕ್ಕಿಂತ ಚೆನ್ನಾಗಿದೆ. ಆದರೆ ಎಷ್ಟು ಸುತ್ತಿಸಿದರೂ ಒಂದು ಚೂರೂ ಬೀಳ್ತಿಲ್ಲ ಕಣ್ರೀ," ಎಂದರು. ಮಾವನ ಮುಖ ಸಪ್ಪಗಾಯಿತು. ಅವರ ಕಣ್ಣು ಹೋದದ್ದು ಗಿರಣಿಯ ಕಡೆಗಲ್ಲ, ಖರಾದಿನ ಕಂಬಗಳ ಕಡೆಗೆ.

"ಬೀಳವಲ್ದು ಅಂದ್ರ? ಇಕಿ ತಿರವಿದಾಗ ಬಿತ್ತಲ್ರಿ!" ಎಂದು ಅದನ್ನು ಅತ್ತೆಯ ಕೈಗಿತ್ತರು. ಅತ್ತೆ ತಿರುವಿದರು, ನುಚ್ಚು ಬಿತ್ತು. ಸರೋಜಮ್ಮ ಇಸಿದುಕೊಂಡು ತಿರುವಿದರು, ಬೀಳಲಿಲ್ಲ. ಮಾವ ತಾವೇ ತಿರುವಿದರು, ಅವರಿಗೂ ಬೀಳಲಿಲ್ಲ. ನನ್ನ ಕೈಗೆ ಕೊಟ್ಟರು. ಡಬ್ಬಿಯ ಮುಚ್ಚಳ ತಿರುವುವಂತೆ ಬಲಗೈಯಿಂದ ತಲೆ ತಿರುವಿದೆ, ಒಳಗೆ ಕಾಳು ಉರುಳಿದ ಸದ್ದು ಬಂತು, ಅಷ್ಟೇ. ಮೋನಪ್ಪಯ್ಯನೇ ಹೆಣ್ಣುಮಗಳೊಬ್ಬಳ ಕೈಯಲ್ಲಿ ಕುಳಿತಿದ್ದಾನೋ ಎಂಬಂತೆ ಎಲ್ಲರೂ ಅತ್ತೆಯ ಕೈ ನೋಡಿದೆವು. ಆಗ ನನಗೆ ಹೊಳೆಯಿತು. ಅತ್ತೆಗೂ ಆ ಕ್ಷಣದಲ್ಲೇ ಹೊಳೆದಿರಬೇಕು. ಅವರು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಮಾವ ಗಿರಣಿಯ ತಲೆಯನ್ನು ಉಲ್ಟಾ ತಿರುವಿದರು. ನುಚ್ಚು ಬಿತ್ತು. ಅವರು ಎದ್ದು ಬೀಸುವ ಕಲ್ಲಿನ ಹತ್ತಿರ ಹೋಗಿ, "ಬಾ, ಒಂದ್ ಸುತ್ತು ತಿರವು," ಎಂದರು. ಅತ್ತೆ ನನ್ನ ಕಡೆ ನೋಡಿದರು. ನಾನು ಬಾಯಿ ಬಿಟ್ಟಿಲ್ಲ ಎಂದು ತಲೆಯಾಡಿಸಿದೆ. ಅವರು ಹೋಗಿ ಕುಳಿತು ಗೂಟ ಹಿಡಿದರು. ಈ ಸಲ ಮಾವ ಕಲ್ಲನ್ನು ನೋಡಲಿಲ್ಲ.

"ಬಲಗೈಲೆ ಹಿಡಿ," ಎಂದರು. ಅತ್ತೆ ಬಲಗೈ ಚಾಚಿದರು. ತೋಳು ಗೂಟದವರೆಗೆ ಬಂತು, ಸುತ್ತಿನ ಅರ್ಧಕ್ಕೆ ಬಂದು ನಿಂತಿತು, ಮುಂದೆ ಹೋಗಲಿಲ್ಲ. ಅವರ ಹಣೆಯಲ್ಲಿ ಬೆವರು ಒಡೆಯಿತು. "ಸಾಕು ಬಿಡು," ಎಂದ ಮಾವನ ದನಿ ನನಗೆ ಗುರುತೇ ಸಿಗಲಿಲ್ಲ. "ಎಂದಿನಿಂದ?"

"ಫೌಜು ಬಂದ ವರ್ಷದಿಂದ್ರಿ."

ಹತ್ತಿರ ಹತ್ತಿರ ಒಂಬತ್ತು ವರ್ಷ. ಒಂಬತ್ತು ವರ್ಷ ದಿನವೂ ಮೂರು ಮೊಳ ದೂರದಲ್ಲಿ ಎದುರೆದುರು ಕುಳಿತವರು. ಮಾವ ಖರಾದಿನ ಬಳಿ ಹೋಗಿ, ಉಲ್ಟಾ ಸುತ್ತಿದ್ದ ಹಗ್ಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ತಮ್ಮ ಜಾಗಕ್ಕೆ ಹೋಗದೆ ಅತ್ತೆಯ ಮಣೆಯ ಮೇಲೆ ಕುಳಿತು, ಹಗ್ಗದ ತುದಿಗಳನ್ನು ಹಿಡಿದು ಎಳೆಯತೊಡಗಿದರು. ಜೀವಮಾನದಲ್ಲಿ ಅವರು ಆ ಹಗ್ಗ ಹಿಡಿದದ್ದು ಅದೇ ಮೊದಲು. ಉಳಿಯಿಲ್ಲ, ಕೊರೆತವಿಲ್ಲ, ಬರಿಯ ಮರದ ತುಂಡು ಇತ್ತ ಅತ್ತ ತಿರುಗಿತು. ಇಪ್ಪತ್ತು ಎಳೆತವಾಗಿರಬೇಕು, ಅವರ ಉಸಿರು ಏರಿತು, ಹಗ್ಗ ಬಿಟ್ಟು ಬಲಹೆಗಲನ್ನು ಹಿಡಿದುಕೊಂಡರು. "ಹೇಳಬಾರದಿತ್ತೇನ?" ಎಂದರು. ಅದು ಬೈಗುಳದಂತೆ ಶುರುವಾಗಿ ಅರ್ಧಕ್ಕೇ ಒಡೆಯಿತು.

ಅತ್ತೆ ಬೀಸುವ ಕಲ್ಲಿನ ಮುಂದಿನಿಂದ ಏಳಲಿಲ್ಲ. ತಲೆ ತಗ್ಗಿಸಿ, ಹೊರಗಿನವರಿದ್ದಾರೆ ಎಂಬುದನ್ನೂ ಮರೆತು ಹೇಳಿದರು: "ಹೇಳಿದ್ರ ಹಗ್ಗ ಕಸಗೊಂತಿದ್ರಿ. ಹಗ್ಗ ಹೋತಂದ್ರ ದಿನಾ ನಿಮ್ಮ ಎದುರಿಗಿ ಕುಂದರಾಕ ನನಗ ಏನ್ ನೆಪ ಇತ್ರಿ?"

ನಮ್ಮ ಕಾಲದ ಮನೆಗಳನ್ನು ನೀವು ನೋಡಿಲ್ಲದಿದ್ದರೆ ಈ ಮಾತಿನ ತೂಕ ನಿಮಗೆ ಸಿಗಲಾರದು. ಗಂಡನ ಎದುರು ಹೆಂಡತಿ ಸುಮ್ಮನೆ ಕುಳಿತು ಮುಖ ನೋಡುವುದು ಎಂಬುದು ಅಲ್ಲಿ ಇರಲೇ ಇಲ್ಲ. ಬಡಿಸುವಾಗ ನಿಂತಿರಬೇಕು, ಅತಿಥಿಗಳು ಬಂದರೆ ಬಾಗಿಲ ಮರೆಗೆ ಸರಿಯಬೇಕು, ಜಾತ್ರೆಗೆ ಹೋದರೆ ಹತ್ತು ಹೆಜ್ಜೆ ಹಿಂದಿರಬೇಕು. ಖರಾದು ಇಲ್ಲದಾದರೆ ಆತನಿಗೆ ಏನು ಉಳಿಯುತ್ತದೆ ಎಂದು ಅತ್ತೆ ಅಂದು ನನಗೆ ಹೇಳಿದ್ದರು. ತಮಗೆ ಏನು ಉಳಿಯುತ್ತದೆ ಎಂಬುದನ್ನು ನುಂಗಿಕೊಂಡಿದ್ದರು. ಆಣೆ ಮಾಡಿ ನಾನು ಕಾಯ್ದುಕೊಂಡಿದ್ದ ಗುಟ್ಟಿನ ಅರ್ಧ ಭಾಗ ನನಗೂ ಗೊತ್ತಿರಲಿಲ್ಲ ಎಂದು ಆಗ ತಿಳಿದು, ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಸರೋಜಮ್ಮ ಕಣ್ಣು ಒರೆಸಿಕೊಂಡು ಗಿರಣಿಯನ್ನು ಅತ್ತೆಯ ಮಡಿಲಿಗೆ ಹಾಕಿ, "ಇದು ನಿಮ್ಮದೇ ಇರಲಿ. ನನಗೆ ಬೇರೆ ಮಾಡಿಕೊಡಿ, ನಾನು ಕಾಯ್ತೀನಿ. ನಮ್ಮ ಆ ನಾಲ್ಕು ಮನೆಯವರೂ ಕಾಯ್ತಾರೆ," ಎಂದರು.

ಮರುದಿನ ಬೆಳಿಗ್ಗೆ ಮಾವ ಹಗ್ಗದ ತುದಿಗಳನ್ನು ತಂದು ನನ್ನ ಕೈಯಲ್ಲಿಟ್ಟರು. ನಾನು ಅತ್ತೆಯ ಮಣೆಯ ಮೇಲೆ ಕುಳಿತು, ಬಲಗೈಗೆ ಭಾರ ಬರುವಂತೆ ಹಗ್ಗ ಸುತ್ತಿ, ಹೆದರುತ್ತ ಎಳೆದೆ. ಮರ ಒದರಿತು, ಉಳಿ ಎರಡು ಸಲ ಜಾರಿತು. ಮಾವ ಬೈಯಲಿಲ್ಲ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಪಾತ್ರೆಯೊಂದನ್ನು ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ನಿಂತಿದ್ದರು. ಮಾವ ಉಳಿ ಕೆಳಗಿಟ್ಟು ಎದ್ದು, ಇನ್ನೊಂದು ಮಣೆ ತಂದು, ನನ್ನ ಮಗ್ಗುಲಲ್ಲಿ, ತಮಗೆ ಸರಿಯಾಗಿ ಎದುರಾಗುವಂತೆ ಹಾಕಿದರು.

"ಕುಂದ್ರು," ಎಂದರು.

"ನಾ ಕುಂತು ಏನ್ ಮಾಡಲ್ರಿ?"

"ಏನೂ ಮಾಡಬ್ಯಾಡ. ಕುಂದ್ರು."